ಕಚ್ಚುವ ಬಾಯಿಗೆ ಒಂದು ಮಾತು

ಬೀದಿದೀಪ ಇನ್ನೂ ಆರಿಲ್ಲ. ಶಿಶುವಿಹಾರದ ಕೋಣೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಅಂಬೆಗಾಲಿಡುತ್ತಿದ್ದಾರೆ. ಏನೋ ಕಳೆದುಕೊಂಡಿದ್ದಾರೆಂದು ನಾನೂ ಬಗ್ಗಿ ಹುಡುಕತೊಡಗಿದೆ. ಹುಡುಕಾಟ ಅಲ್ಲವಂತೆ. ಮೂರು ವರ್ಷದವರ ಕಣ್ಣಿಗೆ ಕೋಣೆ ಹೇಗೆ ಕಾಣುತ್ತದೆಂದು ದಿನಾ ಹೀಗೇ ನೋಡುತ್ತಾರಂತೆ. ಮೇಜಿನ ಚೂಪು ಮೂಲೆ, ಇಬ್ಬರು ಒಟ್ಟಿಗೆ ನುಗ್ಗಿದರೆ ಸಿಕ್ಕಿಹಾಕಿಕೊಳ್ಳುವ ಸಂದಿ, ಎಲ್ಲ ಕಾಣುವುದು ಆ ಎತ್ತರದಿಂದಲೇ.

ಈ ಟೀಚರ್ ಇಲ್ಲಿಗೆ ಬಂದದ್ದು ಕೆಲಸಕ್ಕಲ್ಲ. ಮಗಳನ್ನು ಬಿಡಲು ಬಂದರು, ಅವಳು ಅಳು ನಿಲ್ಲಿಸಲಿಲ್ಲ, ಹಿಂದೆ ಗೋಡೆಗೊರಗಿ ಕೂತರು. ಆ ಮಗಳಿಗೆ ಈಗ ಮದುವೆಯಾಗಿದೆ, ಇವರು ಇಲ್ಲೇ ಇದ್ದಾರೆ. ಹದಿನೆಂಟು ಮಕ್ಕಳು, ಜೊತೆಗೊಬ್ಬರು ಆಯಾ. ಮಂಡಿ ನೋವಿಗೆ ರಾತ್ರಿ ಮುಲಾಮು, ಬೆಳಿಗ್ಗೆ ಮತ್ತೆ ಅದೇ ನೆಲ. ಇಂಥವರ ಬಗ್ಗೆ ನಿಧಾನವಾಗಿ ಬರೆಯೋಣವೆಂದು ಬಂದರೆ ನನಗೆ ಸಿಕ್ಕಿದ್ದು ಇವತ್ತಿನ ದಿನ!

ಇಲ್ಲೊಬ್ಬಳು ಮೂರು ವರ್ಷದ ಹುಡುಗಿ ಇದ್ದಾಳೆ. ಕಚ್ಚುತ್ತಾಳೆ, ಅದೂ ರಕ್ತ ಒಸರುವಂತೆ. ಟೀಚರ ಕೈಯ ಮೇಲೂ ಹಲ್ಲಿನ ಗುರುತು ನೀಲಿಗಟ್ಟಿದೆ. ಉಳಿದ ಮಕ್ಕಳ ಹೆತ್ತವರು ಮುಖ್ಯಸ್ಥೆಯ ಬಳಿ ದಂಡೆತ್ತಿ ಹೋಗಿ, ಅವಳಿರಬೇಕು ಇಲ್ಲವೇ ನಮ್ಮ ಮಕ್ಕಳಿರಬೇಕು ಎಂದಿದ್ದಾರೆ. ಈ ವಾರ ಇನ್ನೊಮ್ಮೆ ಕಚ್ಚಿದರೆ ತಾವೇ ಅವಳ ತಾಯಿಗೆ ಹೇಳಿ ಬಿಡಿಸುವುದಾಗಿ ಟೀಚರ್ ಮಾತು ಕೊಟ್ಟುಬಿಟ್ಟಿದ್ದಾರೆ. ಇವತ್ತು ವಾರದ ಕೊನೆಯ ದಿನ. ತಾಯಿಗೆ ಲಾಂಡ್ರಿಯಲ್ಲಿ ಬೆಳಗಿನ ಪಾಳಿ, ಮಗುವನ್ನು ನೋಡಿಕೊಳ್ಳಲು ಬೇರೆ ದಿಕ್ಕಿಲ್ಲ. ಮಗು ಇಲ್ಲಿಂದ ಹೊರಬಿದ್ದರೆ ಆ ಕೆಲಸವೂ ಹೋದಂತೆಯೇ.

"ಕಚ್ಚೋದು ಸೊಕ್ಕಲ್ಲ, ನೋಡಿ. ಸಿಟ್ಟು ಬರತ್ತೆ, ಮಾತು ಬರಲ್ಲ. ಹಲ್ಲು ಮುಂದೆ ಬರತ್ತೆ ಅಷ್ಟೆ," ಎನ್ನುತ್ತಾರೆ ಟೀಚರ್. ಅದಕ್ಕೇ ದಿನಾ ಅವಳನ್ನು ಕನ್ನಡಿಯೆದುರು ಕೂರಿಸಿಕೊಂಡು ಎರಡೇ ಎರಡು ಮಾತು ಆಡಿಸುತ್ತಾರೆ: ಬೇಡ, ನಂದು. ಅಂಗೈ ಮುಂದೆ ಚಾಚಿ ಹೇಳಬೇಕು. ಈವರೆಗೆ ಅವಳು ಕೈ ಚಾಚಿದ್ದಾಳೆ, ಮಾತು ಹೊರಟಿಲ್ಲ.

ಇನ್ನೊಂದು ಉಪಾಯ, ಒಂದಕ್ಕೇ ಇಬ್ಬರು ಕಿತ್ತಾಡದಂತೆ ಆಟಿಕೆಗಳನ್ನೆಲ್ಲ ಜೋಡಿ ಜೋಡಿಯಾಗಿ ಇಡುವುದು. ಹಂಚಿಕೊಂಡು ಆಡುವುದನ್ನು ಕಲಿಸಬಾರದೇ ಎಂದು ನಾನು ಜಾಣತನ ತೋರಿಸಿದೆ. "ನಿಮ್ಮ ಮೊಬೈಲ್ ಕಿತ್ಕೊಂಡು ಆಯಾಗೆ ಕೊಡ್ಲಾ? ಹಂಚ್ಕೊಳ್ಳಿ," ಎಂದರು. ನಾನು ತೆಪ್ಪಗೆ ಮೊಬೈಲನ್ನು ಬ್ಯಾಗಿಗೆ ಹಾಕಿದೆ. ಆಟ ನಿಲ್ಲಿಸುವ ಮೊದಲು, ಇನ್ನು ಸ್ವಲ್ಪ ಹೊತ್ತಿಗೆ ನಿಲ್ಲಿಸುತ್ತೇವೆಂದು ಮಕ್ಕಳಿಗೆ ಮುಂಚೆಯೇ ಹೇಳುವುದೂ ಇವರ ಪದ್ಧತಿ. ಟೀಚರ ಮನೆಯಲ್ಲಿ ಗಂಡನ ಟಿವಿ ಆರಿಸುವಾಗಲೂ ಇದೇ ನಡೆಯುತ್ತದೆಂದು ಆಯಾ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಾರೆ.

ಮಕ್ಕಳು ಬಂದಾಯಿತು. ಟೀಚರ್ ಯಾರದೋ ಮೂಗು ಒರೆಸುತ್ತಿದ್ದಾರೆ, ಕಣ್ಣು ಮಾತ್ರ ಆ ಹುಡುಗಿಯ ಭುಜದ ಮೇಲೇ ಇದೆ. ಕಚ್ಚುವ ಮೊದಲು ಅವಳ ಭುಜ ಮೇಲೇರುತ್ತದಂತೆ. ಇದ್ದಕ್ಕಿದ್ದಂತೆ ಟೀಚರ ಮುಖ ಬಿಳುಚಿಕೊಳ್ಳುತ್ತದೆ. ಅವಳ ಕೈಯಲ್ಲಿ ಕೆಂಪು ಬಸ್ಸಿದೆ, ಅದರ ಜೋಡಿ ಎಲ್ಲೂ ಇಲ್ಲ. ಆಯಾ ಅದನ್ನು ತೊಳೆದು ಹಿತ್ತಲಲ್ಲಿ ಒಣಗಲು ಇಟ್ಟು ಮರೆತಿದ್ದಾರೆ. ಪಕ್ಕದಲ್ಲಿದ್ದ ಡುಮ್ಮ ಹುಡುಗ ಅವಳ ಬಸ್ಸಿಗೇ ಕೈ ಹಾಕಿಯೂ ಆಯಿತು.

ಭುಜ ಏರುತ್ತಿದೆ. ಓಡಿ ಹೋಗಿ ಹಿಡಿಯಬಾರದೇ ಇವರು! ಟೀಚರ್ ಓಡುವುದಿಲ್ಲ. ಓಡಿದರೆ ಮಗು ಹೆದರಿ ಕಚ್ಚಿಯೇ ಬಿಡುತ್ತದೆ. ಇದ್ದಲ್ಲೇ ಕುಕ್ಕರುಗಾಲಲ್ಲಿ ಕೂತು ತಮ್ಮ ಅಂಗೈ ಮುಂದೆ ಚಾಚುತ್ತಾರೆ.

"ಸಿಟ್ಟು ಬಂತಾ ಪುಟ್ಟಿ? ಬಸ್ಸು ನಿನ್ ಹತ್ರ ಇತ್ತು. ಹೇಳು ಅವ್ನಿಗೆ."

ದನಿ ತಣ್ಣಗಿದೆ. ಹುಡುಗಿ ಬಾಯಿ ತೆರೆಯುತ್ತಾಳೆ. ಡುಮ್ಮನ ತೋಳು ಅವಳ ಮುಖದ ಹತ್ತಿರವೇ ಇದೆ. ಆಯಾ ಕಣ್ಣು ಮುಚ್ಚಿಕೊಂಡಿದ್ದಾರೆ.

"ಬೇಡಾ! ನಂದೂ!"

ಕೋಣೆಯೇ ಅದುರುವಂಥ ಕೂಗು. ಡುಮ್ಮ ಬೆಚ್ಚಿ, ಬಸ್ಸು ಬಿಟ್ಟು ಗೊಳೋ ಎಂದು ಅಳುತ್ತಾನೆ. ಅವನನ್ನು ನೋಡಿ ಇನ್ನಿಬ್ಬರು ಶುರುಮಾಡುತ್ತಾರೆ. ಮುಖ್ಯಸ್ಥೆ ಓಡಿ ಬಂದು, ಇದೇನು ರಂಪ, ಬೀದಿಗೆಲ್ಲ ಕೇಳಿಸುತ್ತಿದೆ ಎಂದು ಗದರುತ್ತಾರೆ. ಟೀಚರ್ ಡುಮ್ಮನ ತೋಳನ್ನು ಹಿಂದೆ ಮುಂದೆ ತಿರುಗಿಸಿ ತೋರಿಸುತ್ತಾರೆ. ಒಂದು ಗೀರೂ ಇಲ್ಲ.

"ಕೇಳಿಸ್ಲಿ ಬಿಡಿ, ಮೇಡಂ."

ಮುಖ್ಯಸ್ಥೆ ಆ ತೋಳನ್ನು ತಾವೂ ಮುಟ್ಟಿ ನೋಡಿ, ಸರಿ, ಸೋಮವಾರವೂ ಅವಳು ಬರಲಿ ಎಂದು ಹೇಳಿ ಹೊರಡುತ್ತಾರೆ. ಇದು ಇಲ್ಲಿಗೇ ಮುಗಿಯುವ ಕಥೆಯಲ್ಲ ಎಂಬುದು ಟೀಚರಿಗೂ ಗೊತ್ತು. ಆದರೂ ಅವರು ನೆಲದ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುವುದನ್ನು ನೋಡಿ ನನಗೂ ಉಸಿರು ಬಂತು.

ಮಧ್ಯಾಹ್ನ ತಾಯಿ ಬಂದು ಗೇಟಿನಾಚೆಯೇ ನಿಂತಿದ್ದಾರೆ. ಸೋಪಿನ ನೀರಲ್ಲಿ ನೆಂದ ಬೆರಳುಗಳು ಸುಕ್ಕುಗಟ್ಟಿವೆ. ಒಳಗೆ ಕಾಲಿಡಲು ಧೈರ್ಯವಿಲ್ಲ.

"ಇವತ್ತು ಯಾರನ್ನ, ಅಕ್ಕಾ?"

"ಯಾರನ್ನೂ ಇಲ್ಲ ಕಣಮ್ಮಾ. ಬಾಯ್ತುಂಬ ಬೈದ್ಲು."

ತಾಯಿ ಗೇಟು ಹಿಡಿದುಕೊಂಡು ಅತ್ತುಬಿಡುತ್ತಾರೆ. ಮಗಳು ಅವರ ಕಾಲು ತಬ್ಬಿಕೊಂಡು ಮನೆಗೆ ಹೋಗೋಣವೆಂದು ಎಳೆಯುತ್ತಾಳೆ. ಅವರಿಬ್ಬರೂ ಬೀದಿಯ ತಿರುವು ದಾಟುವವರೆಗೂ ಟೀಚರ್ ನೋಡುತ್ತಾ ನಿಲ್ಲುತ್ತಾರೆ. ಇನ್ನೇನು ಆಸೆ ಎಂದು ನಾನು ಕೇಳುತ್ತೇನೆ.

"ಇನ್ಮೇಲೆ ಮೆಲ್ಲಗೆ ಹೇಳೋದು ಕಲಿಸ್ಬೇಕು," ಎನ್ನುತ್ತಾರೆ. "ಅವಸರ ಇಲ್ಲ. ನಾಲ್ಕು ದಿನ ಕೂಗ್ಲಿ. ನಾನೂ ಕಿವಿತುಂಬ ಕೇಳ್ಬೇಕು."