ಪರವಾನಗಿಯೊಳಗಿನ ಒಂದು ಶಬ್ದ

ಮೊಮ್ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮೊನ್ನೆ ಅವಳಿಗೆಂದು ಔಷಧಿ ಅಂಗಡಿಯಿಂದ ತಂದ ದ್ರಾಕ್ಷಾಸವದ ಬಾಟಲಿಯ ಮುಚ್ಚಳ ತಿರುಗಿಸಿದೆ. ಹುಳಿ, ಸಿಹಿ, ಒಗರು ಕೂಡಿದ ವಾಸನೆ ಮೂಗಿಗೆ ಬಡಿಯಿತು. ಬಾಟಲಿ ಅಲ್ಲೇ ಇಟ್ಟು ಹೊರಗೆ ಬಂದು ಕೂತೆ. ಏನಾಯಿತೆಂದು ಮನೆ ಮಂದಿ ಕೇಳಿದರು. ಏನೆಂದು ಹೇಳಲಿ? ಗುಡ್ಡದ ಕಾಕಿ ನೆನಪಾಗಿದ್ದರು...

ದೇವಣಿ ಕಡೆ ನಮ್ಮ ಹೊಲದ ಮೇಲಿನ ಗುಡ್ಡದ ಓರೆಯಲ್ಲಿ ಅವರ ಮನೆ. ಹಿಂದೆ ಕರಿದ್ರಾಕ್ಷಿಯ ಚಪ್ಪರ. ಮೂರು ತಲೆಮಾರಿನಿಂದ ಆ ಮನೆಯವರು ದ್ರಾಕ್ಷಿ ಹಿಂಡಿ, ಬೆಲ್ಲ ಬೆರೆಸಿ, ಭರಣಿಗಳ ಬಾಯಿಗೆ ಬಟ್ಟೆ ಕಟ್ಟಿ, ಮಣ್ಣು ಮೆತ್ತಿ ಇಡುತ್ತಿದ್ದರು. ತಿಂಗಳು ಕಳೆದು ತೆಗೆದರೆ ಒಳಗೆ ಕೆಂಪು ರಸ. ಈಗಿನವರು ಅದಕ್ಕೆ ವೈನ್ ಎನ್ನುತ್ತಾರೆ, ಎನ್ನಲಿ. ಬಾಣಂತಿಯರಿಗೆ, ಜ್ವರ ಬಿಟ್ಟೆದ್ದವರಿಗೆ ಎರಡೆರಡು ಚಮಚ ಕೊಡುತ್ತಿದ್ದರು. ಜಹಗೀರದಾರರ ಕಡೆಯ ಮಂದಿ ಲೋಟ ಹಿಡಿದು ಬಂದರೆ ಕಾಕಿ “ಏನ್ ಬ್ಯಾನಿ ಅದರೀ ನಿಮಗ?” ಎಂದು ಕೇಳಿ ಚಮಚವನ್ನೇ ಮುಂದೆ ಹಿಡಿಯುತ್ತಿದ್ದರು. ಗಂಡ ತೀರಿದ ಮೇಲೆ ಎಲ್ಲವನ್ನೂ ಅವರೇ ನಡೆಸುತ್ತಿದ್ದರು. ಮೊದಲ ಹೆರಿಗೆಯಲ್ಲಿ ಹಾಸಿಗೆ ಹಿಡಿದ ನನ್ನ ಹೆಂಡತಿ ಎದ್ದು ಕೂತದ್ದು ಆ ರಸದಿಂದಲೇ ಎಂದು ನಮ್ಮವ್ವ ಸಾಯುವತನಕ ಹೇಳುತ್ತಿದ್ದಳು.

ನಾನು ಆಗ ತಹಸೀಲು ಕಚೇರಿಯಲ್ಲಿ ಗುಮಾಸ್ತ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಸರಕಾರ ಹೋದ ಮೇಲೆ ನಮ್ಮಂಥ ಉರ್ದು ಕಲಿತ ಗುಮಾಸ್ತರ ಪಾಡು ನಾಯಿಪಾಡು. ಮರಾಠಿ ಪರೀಕ್ಷೆ ಬೇರೆ, ನಡತೆಯ ಪರೀಕ್ಷೆ ಬೇರೆ. ಹಳೇ ಸರಕಾರದ ಕಾಗದದ ಪರ ಒಂದು ಮಾತಾಡಿದರೂ ಸಾಕು, ಇವನು ಅವರ ಪೈಕಿ ಎಂದು ನೋಡುತ್ತಿದ್ದರು. ಕೆಲವು ವರ್ಷಕ್ಕೆ ನಮ್ಮ ಸೀಮೆ ಮುಂಬಯಿ ರಾಜ್ಯಕ್ಕೆ ಸೇರಿತು. ಹಿಂದೆಯೇ ಪಾನನಿಷೇಧ ಬಂತು. ಮಂದಿ ಅದನ್ನು ದಾರೂಬಂದಿ ಎಂದರು. ಒಂದು ಮುಂಜಾನೆ ನಮ್ಮ ಕಚೇರಿಗೆ ಬಂದಿದ್ದ ಹೊಸ ಮರಾಠಿ ಸಾಹೇಬರು ಜೀಪಿನಲ್ಲಿ ಗುಡ್ಡದ ಮನೆಗೆ ಹೊರಟರು. ಹಳೇ ಕಾಗದ ಏನಾದರೂ ಸಿಕ್ಕರೆ ಓದಲಿಕ್ಕೆಂದು ನನ್ನನ್ನೂ ಹತ್ತಿಸಿಕೊಂಡರು.

ಕಾಕಿ ಹೆದರಲಿಲ್ಲ. ಭರಣಿಗಳಲ್ಲಿ ಏನಿದೆ ಎಂದು ಸಾಹೇಬರು ಕೇಳಿದಾಗ ಔಷಧ ಎಂದು ಮರಾಠಿಯಲ್ಲೇ ಹೇಳಿದರು. ಸಾಹೇಬರು ತಲೆ ಅಲ್ಲಾಡಿಸಿದ್ದು ಕಂಡು ಒಳಗೆ ಹೋಗಿ, ದೇವರ ಜಗಲಿಯ ಮೇಲಿಂದ ವಸ್ತ್ರದಲ್ಲಿ ಸುತ್ತಿದ ಕಾಗದ ತಂದರು. ನಿಜಾಮರ ಕಾಲದ ಪರವಾನಗಿ. ಓದಲು ಬಾರದ ಅವರಿಗೆ ಅದರ ಮೊಹರಿನ ಮೇಲೆ ಭಾರಿ ಭರವಸೆ. ಅದನ್ನು ಓದುವವನು ನಾನು ಎಂದು ತಿಳಿದಾಗ ಮುಖ ಇನ್ನಷ್ಟು ಅರಳಿತು.

ಕಾಗದ ಬಿಚ್ಚಿದ ಕೂಡಲೇ ಆ ಶಬ್ದ ಕಣ್ಣಿಗೆ ಬಿತ್ತು. ‘ಅಂಗೂರಿ ದಾರೂ.’ ಅಂಗೂರಿ ಎಂದರೆ ದ್ರಾಕ್ಷಿಯದು. ಫಾರಸಿಯಲ್ಲಿ, ಹಳೇ ಉರ್ದುವಿನಲ್ಲಿ ದಾರೂ ಎಂದರೆ ಔಷಧ. ದವಾ-ದಾರೂ ಎನ್ನುತ್ತೇವಲ್ಲ, ಅದೇ. ನಮ್ಮ ಮೌಲ್ವಿಗಳು ಕಿವಿ ಹಿಂಡಿ ಕಲಿಸಿದ್ದರು. ಮರಾಠಿಯವರ ಕಿವಿಗೆ ಮಾತ್ರ ಅದು ಬರೀ ಸಾರಾಯಿ.

ಓದಿದೆ. ಸಾಹೇಬರು ಕೈ ಎತ್ತಿ ಮತ್ತೊಮ್ಮೆ ಓದೆಂದರು. ಮತ್ತೊಮ್ಮೆ ಓದಿದೆ.

“ದಾರೂಚ್ ನಾ?” ಎಂದರು, ದಾರೂನೇ ತಾನೆ ಎಂದು.

“ಸಾಹೇಬ್ರಿಗಿ ಅರ್ಥ ಬಿಡಿಸಿ ಹೇಳು, ತಮ್ಮಾ,” ಎಂದರು ಕಾಕಿ.

ಒಂದು ಮಾತು ಸಾಕಿತ್ತು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಮಾಡುವ ಹುಕುಮಿಗೆ ಸಹಿ ಹಾಕಬೇಕಾದವರು ಇದೇ ಸಾಹೇಬರು. ಅವರು ನನ್ನನ್ನೇ ನೋಡುತ್ತಿದ್ದರು. ಕಾಕಿಯೂ ನನ್ನನ್ನೇ ನೋಡುತ್ತಿದ್ದರು. ಹೌದು ಸಾಹೇಬ, ಎಂದೆ.

ಸಿಪಾಯಿಗಳು ಬಡಿಗೆ ತೆಗೆದುಕೊಂಡು ಭರಣಿಗಳನ್ನು ಒಡೆದರು. ರಸ ಅಂಗಳ ದಾಟಿ, ಕಲ್ಲಿನ ಸಂದಿಗಳಲ್ಲಿ ಗುಡ್ಡದ ಕೆಳಗಿಳಿಯಿತು. ಕರುವೊಂದು ಬಂದು ಬಾಯಿ ಹಾಕಿತು; ಅಷ್ಟು ಹೊತ್ತಿನಲ್ಲೂ ಕಾಕಿ ಅದನ್ನು ಎಳೆದೊಯ್ದು ದೂರ ಕಟ್ಟಿದರು. ಅತ್ತಿದ್ದರೆ, ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಎರಡೂ ಮಾಡಲಿಲ್ಲ.

ಲಿಂಗ ಕಟ್ಟಿದವರ ಮನೆ ಊರವರ ಬಾಯಲ್ಲಿ ‘ದಾರೂ ಮನಿ’ ಆಯಿತು. ಮಠದ ಅಯ್ಯನವರು ಪಾದಪೂಜೆಗೆ ಬರುವುದನ್ನು ಬಿಟ್ಟರು. ಮರುವರ್ಷ ಕಾಕಿ ತಾವೇ ನಿಂತು ಬಳ್ಳಿಗಳನ್ನು ಕಡಿಸಿದರಂತೆ. ನಾನು ಹೋಗಿ ನೋಡಲಿಲ್ಲ. ನನ್ನ ನೌಕರಿ ಕಾಯಂ ಆಗಿತ್ತು.

ಆಮೇಲೊಮ್ಮೆ ಉದಗೀರದ ಬಸ್ ಸ್ಟ್ಯಾಂಡಿನಲ್ಲಿ ಕಂಡರು. ತಲೆ ತಗ್ಗಿಸಿ ದಾಟಿಬಿಡೋಣ ಎನ್ನುವಷ್ಟರಲ್ಲಿ ಕೂಗಿ ಕರೆದರು. ಹೆಂಡತಿ ಹೇಗಿದ್ದಾಳೆ, ಕೂಸು ಎಷ್ಟು ದೊಡ್ಡದಾಯಿತು ಎಂದು ಕೇಳಿದರು. ಆಮೇಲೆ ದನಿ ತಗ್ಗಿಸಿದರು.

“ಹಕೀಮ ಸಾಹೇಬ್ರು ಹೇಳ್ಯಾರ, ದಾರೂ ಅಂದ್ರ ಔಷಧ ಅಂತ. ನಿನಗ ಗೊತ್ತಿತ್ತೇನು, ತಮ್ಮಾ?”

“ಗೊತ್ತಿದ್ದಿಲ್ಲರೀ, ಕಾಕಿ.”

ಕಾಕಿ ಕೆಳಗಿಟ್ಟಿದ್ದ ಗಂಟನ್ನು ಎತ್ತಿ ಕಂಕುಳಿಗಿಟ್ಟುಕೊಂಡರು.

“ಹೌದಲ್ಲ. ಗೊತ್ತಿದ್ದಿದ್ರ ನೀ ಹೇಳಲಾರ್ದ ಇರ್ತಿದ್ದಿಲ್ಲ.”

ಕಾಸಾರಶಿರಸಿಯ ಬಸ್ಸು ಬಂತು, ಹತ್ತಿ ಹೋದರು.

ನಂಬಿ ಅಂದರೋ, ನನ್ನ ಮಾನ ಉಳಿಸಲೆಂದು ಅಂದರೋ... ಇಷ್ಟು ವಯಸ್ಸಾದರೂ ಬಗೆಹರಿದಿಲ್ಲ. ನಂಬಿದ್ದರೆ ನಾನು ಇನ್ನೂ ದೊಡ್ಡ ಪಾಪಿ. ಹೆಂಡತಿಗೂ ಇದನ್ನು ಹೇಳಲಿಲ್ಲ, ಆಕೆಯೂ ಹೋದಳು. ಗೊತ್ತಿತ್ತು ಎಂದು ನಾನು ಹೇಳಬೇಕಾಗಿದ್ದದ್ದು ಒಬ್ಬರಿಗೆ ಮಾತ್ರ. ಅವರು ತೀರಿದ ಸುದ್ದಿ ನನಗೆ ಮುಟ್ಟಿದ್ದು ಮಣ್ಣಾಗಿ ಎಂಟು ದಿನಕ್ಕೆ.