ಗಾಳಿ ಬರಬೇಕು, ಸದ್ದು ಹೋಗಬಾರದು

1988ರಲ್ಲಿ ನಾನು ಹೊಸೂರಿನ ಒಂದು ಕೈಗಡಿಯಾರ ಕಾರ್ಖಾನೆಯ ಅಸೆಂಬ್ಲಿ ವಿಭಾಗದಲ್ಲಿ ಆಪರೇಟರ್ ಆಗಿದ್ದೆ. ಅಣ್ಣ ಚಿನ್ನಪ್ಪನೂ ನಾನೂ ಮತ್ತಿಗಿರಿಯ ಒಂದು ವಠಾರದಲ್ಲಿ ಬಾಡಿಗೆಗಿದ್ದೆವು. ಅವನು ಲೇತ್ ವರ್ಕ್‌ಶಾಪಿನಲ್ಲಿ ದುಡಿಯುತ್ತಿದ್ದ, ಮದುವೆಗಳಿಗೆ ಬ್ಯಾಂಡ್ ಸೆಟ್ಟಿನಲ್ಲಿ ಟ್ರೊಂಬೋನ್ ಊದುತ್ತಿದ್ದ. ಟ್ರೊಂಬೋನ್ ಅಂದರೆ ಕೊಳವೆಯನ್ನು ಹಿಂದೆ ಮುಂದೆ ಎಳೆದು ಸ್ವರ ಬದಲಿಸುವ ಹಿತ್ತಾಳೆ ವಾದ್ಯ.

ಎಲ್ಲ ಮಾಮೂಲಿಯಾಗಿದ್ದ ಕೊನೆಯ ದಿನ ಒಂದು ಭಾನುವಾರ. ಚರ್ಚಿನಿಂದ ಬಂದು ಕೋಳಿ ಸಾರಿಗಿಟ್ಟು, ಹೊಸಿಲ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದೆ. ಅಣ್ಣ ನಡುಮನೆಯಲ್ಲಿ ನಿಂತು ಉದ್ದುದ್ದ ಸ್ವರ ಎಳೆಯುತ್ತಿದ್ದ. ಬೆಂಗಳೂರಿನ ಒಂದು ಸರಕಾರಿ ಬ್ಯಾಂಡಿನಲ್ಲಿ ಟ್ರೊಂಬೋನಿಗೆ ಜಾಗ ಖಾಲಿಯಾಗಿತ್ತು, ಪರೀಕ್ಷೆಗೆ ಎರಡು ತಿಂಗಳಿತ್ತು. ಮುಂದಿನ ವರ್ಷಕ್ಕೆ ಅವನ ವಯಸ್ಸು ಮೀರಿಹೋಗುತ್ತಿತ್ತು. ಇದೇ ಕೊನೆಯ ಅವಕಾಶ.

ಮಾರನೆಯ ದಿನ ಪಕ್ಕದ ಮನೆಯ ಕೆಂಪಣ್ಣ ಪ್ರೆಸ್ ಮಿಷನ್ ಮುಂದೆ ತೂಕಡಿಸಿಬಿಟ್ಟ. ಜೊತೆಯವನು ಎಳೆದುಕೊಳ್ಳದಿದ್ದರೆ ಬೆರಳುಗಳು ಉಳಿಯುತ್ತಿರಲಿಲ್ಲ. ಸಂಜೆಯೇ ವಠಾರದ ಓನರ್ ಮುನಿಯಪ್ಪ ಬಾಗಿಲಿಗೆ ಬಂದ.

"ಏನ್ಲಾ ಚಿನ್ನಪ್ಪ, ನಿನ್ನ ಕೊಂಬಿನ ಕಾಟಕ್ಕೆ ಅವನು ಮಲಗಂಗಿಲ್ಲ. ನಾಳೆ ಕೈ ಕಳ್ಕೊಂಡ್ರೆ ನಿನ್ನ ಕೈ ಕಿತ್ತು ಅಂಟಿಸ್ತೀಯೇನ್ಲಾ? ಊದಾದು ನಿಲ್ಸು, ಇಲ್ಲ ಮನೆ ಖಾಲಿ ಮಾಡು."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಮ್ಮ ವಠಾರದಲ್ಲಿ ಮೂರೂ ಶಿಫ್ಟಿನವರಿದ್ದರು. ರಾತ್ರಿ ದುಡಿಯುವ ಸಿ ಶಿಫ್ಟಿನವರು ಹಗಲೆಲ್ಲ ಮಲಗಬೇಕು, ಬಿ ಶಿಫ್ಟಿನವರು ಬೆಳಿಗ್ಗೆ ಮಲಗಬೇಕು, ಎ ಶಿಫ್ಟಿನವರು ಸಂಜೆ ಕತ್ತಲಾದ ಕೂಡಲೇ ದೀಪ ಆರಿಸುತ್ತಾರೆ. ಯಾವ ಹೊತ್ತಿನಲ್ಲಿ ಊದಿದರೂ ಯಾರಾದರೊಬ್ಬರ ನಿದ್ದೆ ಕೆಡುತ್ತಿತ್ತು.

ಅಣ್ಣ ಕೆರೆ ಏರಿಗೆ ಹೋಗಿ ನೋಡಿದ. ಬಯಲ ಗಾಳಿಗೆ ಅವನ ಸ್ವರ ಅವನಿಗೇ ಕೇಳಿಸುತ್ತಿರಲಿಲ್ಲ. ಜೊತೆಗೆ ದನ ಕಾಯುವವರು ಸುತ್ತ ಕೂತು, "ಅಣ್ಣೋ, ಒಂದು ಸಿನಿಮಾ ಹಾಡು ಬಿಡಣ್ಣೋ" ಎಂದು ಗಂಟುಬೀಳುತ್ತಿದ್ದರು. ಸಾಲದ್ದಕ್ಕೆ ಮಳೆಗಾಲ.

ಆಮೇಲೆ ಮುನಿಯಪ್ಪನೇ ಒಂದು ದಾರಿ ಹೇಳಿದ. ಅವನ ಹಿತ್ತಲಲ್ಲಿ ಹಳೆಯ ಹಗೇವು ಇತ್ತು, ರಾಗಿ ತುಂಬಿಡಲು ನೆಲದಲ್ಲಿ ತೋಡಿದ ಆಳವಾದ ಗುಂಡಿ. "ಅದರೊಳಗೆ ಇಳ್ಕೊಂಡು ಸಾಯಂಗೆ ಊದ್ಲಾ, ಒಂದು ನರಪಿಳ್ಳೆಗೂ ಕೇಳ್ಸಲ್ಲ" ಎಂದ. ಅಣ್ಣ ಆಗಲೇ ಪಂಚೆ ಎತ್ತಿ ಕಟ್ಟಿದ್ದ. ಮುನಿಯಪ್ಪ ಅವನನ್ನು ತಡೆದು, ಮುಚ್ಚಳದ ಕಲ್ಲು ಸರಿಸಿ, ಹಣತೆಯೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಅರ್ಧ ದಾರಿಯಲ್ಲೇ ದೀಪ ಆರಿತು. ಒಳಗೆ ಕೆಟ್ಟ ಗಾಳಿ. ಇಳಿದಿದ್ದರೆ ಮನುಷ್ಯ ಉಳಿಯುತ್ತಿರಲಿಲ್ಲ.

"ಸಾಯಂಗೆ ಅಂದಿದ್ದು ಸರಿಯಾಗೇ ಅಂದ್ರಿ ಬಿಡಿ" ಎಂದು ಅಣ್ಣ ನಕ್ಕ. ಮನೆಗೆ ಬರುವಾಗ ಮಾತ್ರ ಸಪ್ಪಗಿದ್ದ. "ನೋಡೇ ಫಿಲೋ, ಸದ್ದು ಹೊರಗೆ ಹೋಗದಿರೋ ಕಡೆ ಗಾಳಿನೂ ಒಳಗೆ ಬರಲ್ಲ. ನಂಗೆ ಉಸ್ರೇ ಬಂಡವಾಳ. ಏನ್ ಮಾಡಾನ?"

ಆ ಪ್ರಶ್ನೆ ತಲೆಯಲ್ಲಿಟ್ಟುಕೊಂಡೇ ಮರುದಿನ ಕೆಲಸಕ್ಕೆ ಹೋದೆ. ನಮ್ಮ ಅಸೆಂಬ್ಲಿ ಹಾಲಿನಲ್ಲಿ ಧೂಳಿನ ಕಣವೂ ಇರಬಾರದು. ಅದಕ್ಕೆ ಕಿಟಕಿ ತೆರೆಯುವುದಿಲ್ಲ. ಬಾಗಿಲು ಎರಡು, ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. ಗಾಳಿ ಚಾವಣಿಯ ಡಕ್ಟಿನಿಂದ, ಅಂದರೆ ಚೌಕಾಕಾರದ ತಗಡಿನ ಕೊಳವೆಯಿಂದ ಬರುತ್ತದೆ. ಆ ಗಾಳಿ ಕಳಿಸುವ ಏಸಿ ಪ್ಲಾಂಟ್ ಹೊರಗೆ ಲಾರಿಯ ಹಾಗೆ ಗುಡುಗುತ್ತದೆ. ಒಳಗೆ ಮಾತ್ರ ಕೈಯಲ್ಲಿದ್ದ ಟ್ವೀಜರ್ ಚಿಮಟ ಬಿದ್ದರೂ ಎಲ್ಲರೂ ತಿರುಗಿ ನೋಡುತ್ತಾರೆ. ದಿನವೂ ಕೂರುತ್ತಿದ್ದ ಜಾಗವೇ. ಅವತ್ತು ತಲೆಯೆತ್ತಿ ಡಕ್ಟ್ ನೋಡಿದೆ. ಗಾಳಿ ಬರುತ್ತಿದೆ, ಸದ್ದು ಬರುತ್ತಿಲ್ಲ!

ಊಟದ ಹೊತ್ತಿನಲ್ಲಿ ಪ್ಲಾಂಟಿನ ಮೆಕ್ಯಾನಿಕ್ ಸೆಲ್ವರಾಜಣ್ಣನನ್ನು ಹಿಡಿದೆ. ಅವನು ತುತ್ತು ಕೆಳಗಿಟ್ಟು ತಟ್ಟೆಯ ಮೇಲೇ ಬೆರಳಲ್ಲಿ ಗೆರೆ ಎಳೆದ. "ಗಾಳಿ ಎಷ್ಟು ಸಲ ಬೇಕಾದ್ರೂ ತಿರುಗ್ತದಮ್ಮ. ಸದ್ದು ಒಂದೊಂದು ತಿರುವಿಗೂ ಬಡ್ಕೊಂಡು ಸುಸ್ತಾಗ್ತದೆ. ಒಳಗೆ ಮೆತ್ತಗಿರಾದು ಏನಾದ್ರೂ ಹಾಕ್ಸು. ಅವ್ಳೋದಾನ್, ಅಷ್ಟೇ."

ಜಾಗ ಹುಡುಕುವ ಕೆಲಸ ಅಲ್ಲಿಗೆ ಮುಗಿಯಿತು. ನಮ್ಮ ಮನೆಯ ಹಿಂದಿನ ಸೌದೆ ಕೋಣೆಯೇ ಸಾಕು ಎಂದು ನಿರ್ಧರಿಸಿದೆ. ಮುನಿಯಪ್ಪ ಒಪ್ಪಿದ, ಒಂದು ಷರತ್ತಿನ ಮೇಲೆ: "ಗೋಡೆಗೆ ಒಂದು ಮೊಳೆ ಹೊಡೆದ್ರೂ ಸುಮ್ನಿರಕ್ಕಿಲ್ಲ." ಅದು ನಮಗೆ ಅನುಕೂಲವೇ ಆಯಿತು. ಒಳಗೆ ಕಟ್ಟುವ ಚೌಕಟ್ಟು ಕೆಂಪಣ್ಣನ ಮನೆಯ ಗೋಡೆಗೆ ತಾಗಿದರೆ ಅದುರುವಿಕೆ ಆಚೆಗೆ ದಾಟುತ್ತದೆ. ಹಾಗಾಗಿ ಗೋಡೆಯಿಂದ ಗೇಣು ದೂರದಲ್ಲಿ, ಹಳೆಯ ಟೈರಿನ ತುಂಡುಗಳ ಮೇಲೆ ಮರದ ಚೌಕಟ್ಟು ನಿಲ್ಲಿಸಿದೆವು. ಅದಕ್ಕೆ ಯಂತ್ರ ಒರೆಸುವ ಕಾಟನ್ ವೇಸ್ಟ್ ನೂಲು ತುಂಬಿದ ಗೋಣಿಚೀಲಗಳನ್ನು ಸುತ್ತಲೂ ಮೇಲೂ ಒತ್ತೊತ್ತಾಗಿ ಕಟ್ಟಿದೆವು. ಕಾರ್ಖಾನೆಯಲ್ಲಿದ್ದ ಹಾಗೆಯೇ ಎರಡು ಬಾಗಿಲು.

ಚೀಲಗಳು ಬಂದ ಮೇಲೆ ಕೋಣೆ ಕಿರಿದಾಯಿತು. ಅಣ್ಣ ನಿಂತು ಕೊಳವೆಯನ್ನು ಪೂರ್ತಿ ಚಾಚಿದರೆ ಎದುರಿನ ಚೀಲಕ್ಕೆ ತಿವಿಯುತ್ತಿತ್ತು. ಅವನು ಮೂಲೆಗೆ ಬೆನ್ನು ಕೊಟ್ಟು ಎದುರು ಮೂಲೆಗೆ ಮುಖ ಮಾಡಿದ, ಕೊಳವೆ ಪೂರ್ತಿ ಚಾಚಿತು. "ನೋಡು, ಕಲ್ಯಾಣ ಮಂಟಪದಂಗೈತೆ!" ಎಂದ.

ಕೊನೆಗೆ ಡಕ್ಟು. ಪ್ಲೈವುಡ್ಡಿನಲ್ಲಿ ನಾಲ್ಕು ತಿರುವಿನ ಎರಡು ಪೆಟ್ಟಿಗೆ ಮಾಡಿ, ಒಳಗೆಲ್ಲ ನಮ್ಮಮ್ಮ ಹೊಲಿದಿದ್ದ ಕೌದಿಯನ್ನು ಕತ್ತರಿಸಿ ಅಂಟಿಸಿದೆ. ಒಂದು ಗಾಳಿ ಬರಲು, ಒಂದು ಹೋಗಲು. ಗೋಡೆ ಮುಟ್ಟದೆ ಎರಡರ ಬಾಯಿಯನ್ನೂ ಕೋಣೆಯ ಕಿಟಕಿಯಿಂದ ಹೊರಕ್ಕೆ ಬಿಟ್ಟೆ. ಹೋಗುವ ಕಡೆ ಚಿಕ್ಕ ಫ್ಯಾನು. ಬರುವ ಕಡೆಯ ಬಾಯಿಗೆ ಊದುಬತ್ತಿ ಹಿಡಿದೆ. ಹೊಗೆ ಒಂದು ಕ್ಷಣ ತಡವರಿಸಿ, ಎಳೆಯಾಗಿ ಒಳಕ್ಕೆ ಹೋಯಿತು. ಒಳಗಿನಿಂದ ಅಣ್ಣ ಕೂಗಿದ್ದು ತೆರೆದ ಬಾಗಿಲಿನಿಂದ ಕೇಳಿಸಿತು: "ಫಿಲೋ, ವಾಸ್ನೆ ಬತ್ತಾ ಐತೆ ಕಣೇ!" ನಾನು ಅಂಗಳದಲ್ಲಿ ಕುಣಿದೆ. ಸುಳ್ಳಲ್ಲ.

ಕೋಣೆಯನ್ನು ಪರೀಕ್ಷಿಸಿದ್ದು ಆ ಶನಿವಾರ ಮಧ್ಯಾಹ್ನ. ಕೆಂಪಣ್ಣ ಸಿ ಶಿಫ್ಟ್ ಮುಗಿಸಿ ಬಂದಿದ್ದ. "ಊದ್ಲಿ, ನಾನೂ ನೋಡ್ತೀನಿ" ಎಂದು ಪಂತ ಕಟ್ಟಿದವನ ಹಾಗೆ ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿದ. ನಾನೂ ಅವನ ಹೆಂಡತಿ ರತ್ನಕ್ಕನೂ ಗೋಡೆಗೆ ಕಿವಿಯಿಟ್ಟು ಕೂತೆವು. ಅಣ್ಣ ಎರಡೂ ಬಾಗಿಲು ಮುಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ಗೋಡೆಯ ಒಳಗೆಲ್ಲೋ ಜೇನು ಕೂತಂಥ ಸಣ್ಣ ಗುಂಯ್. ರತ್ನಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಗೋಡೆಯಿಂದ ಕಿವಿ ತೆಗೆದರೆ ಅದೂ ಇಲ್ಲ.

ಅಣ್ಣ ಬೆವರೊರೆಸಿಕೊಂಡು ಹೊರಗೆ ಬಂದು ಕಾಫಿ ಕುಡಿಯುತ್ತಿದ್ದ. ಕೆಂಪಣ್ಣ ಆಕಳಿಸುತ್ತ ಎದ್ದು ಬಂದು ರೇಗಿದ. "ಯಾವಾಗ್ಲಾ ಊದಾದು ನೀನು? ಕಾದೂ ಕಾದೂ ನಿದ್ದೆ ಹೋಗ್ಬುಟ್ಟೆ!"

"ಮುಗೀತು ಕಣಣ್ಣ, ಪೂರ್ತಿ ಒಂದು ಗಂಟೆ ಊದ್ದೆ" ಎಂದ ಅಣ್ಣ. ಕೆಂಪಣ್ಣ ನಂಬಲಿಲ್ಲ. ರತ್ನಕ್ಕ ಆಣೆ ಮಾಡಿ ಹೇಳಬೇಕಾಯಿತು. ಮುನಿಯಪ್ಪ ಬಂದು, ಇನ್ನೊಮ್ಮೆ ಊದಿಸಿ, ಬಾಗಿಲು ತೆಗೆಸಿ ಹಾಕಿಸಿ ಕೇಳಿ, "ಬಡ್ಡಿಮಗಂದು, ಮಾಡ್ಬುಟ್ರಲ್ಲ!" ಎಂದ.

ಬ್ಯಾಂಡಿನ ಪರೀಕ್ಷೆಯ ದಿನದವರೆಗೂ ಅಣ್ಣ ಒಂದು ಸಂಜೆಯನ್ನೂ ಬಿಡಲಿಲ್ಲ. ಬೆಂಗಳೂರಿಗೆ ಹೋಗಿ ಊದಿದ, ಆಯ್ಕೆಯಾದ. ನಿವೃತ್ತಿಯವರೆಗೂ ಅದೇ ಬ್ಯಾಂಡಿನಲ್ಲಿದ್ದ.

ಅಸೆಂಬ್ಲಿ ಹಾಲಿನಲ್ಲಿ ನಾನು ಕಲಿತದ್ದು ಹೇಳಲು ಸುಲಭ. ಒಂದನ್ನು ತಡೆಯಬೇಕಾದರೆ ಎಲ್ಲವನ್ನೂ ಮುಚ್ಚಬೇಕಿಲ್ಲ, ಒಳಗಿರುವವರ ಉಸಿರಿಗೆ ಮೊದಲು ದಾರಿ ಮಾಡಿ ಆಮೇಲೆ ಗೋಡೆ ಕಟ್ಟಬೇಕು. ಮುಂದೆ ಹೊಸ ಹುಡುಗಿಯರಿಗೆ ಕೆಲಸ ಕಲಿಸುವಾಗಲೂ ಇದೇ ನನ್ನ ನೆನಪಿಗೆ ಬರುತ್ತಿತ್ತು.

ಅಣ್ಣ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವನ ಟ್ರೊಂಬೋನ್ ನನ್ನ ಹತ್ತಿರ ಇದೆ. ಸಮವಸ್ತ್ರದಲ್ಲಿರುವ ಫೋಟೊಗಳಿವೆ. ಅವನು ಒಬ್ಬನೇ ಊದಿದ್ದನ್ನು ನಾವು ಯಾರೂ ರೆಕಾರ್ಡ್ ಮಾಡಿಟ್ಟುಕೊಳ್ಳಲಿಲ್ಲ. ಅವನ ಸ್ವರ ಒಂದೂ ಉಳಿದಿಲ್ಲ.