ಮಸುಕು ಯಂತ್ರದ್ದೆಂದು ಹೇಳಿದೆ

ಖಾಜಾ, ನಿನ್ನ ಕಣ್ಣು ಮಂಜಾಗುತ್ತಿರುವುದು ನಿನಗಿಂತ ಮೊದಲು ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ತಪ್ಪನ್ನು ಕಂಪ್ಯೂಟರಿನ ಮೇಲೆ ಹೊರಿಸಿದೆ.

ಗಂಗಾವತಿಯ ಕೇರಂ ಹಲಗೆಗಳ ಮೇಲೆ ಹರೆಯದಿಂದಲೂ ನಿನಗೆ ಸೋತವನು ನಾನು. ನಿವೃತ್ತನಾದ ಮೇಲೆ, ಭೂಗೋಳದ ಮಾಸ್ತರನೊಬ್ಬನಿಗೆ ಸಲ್ಲುವ ಸಕಲ ಗಾಂಭೀರ್ಯದಿಂದ, ಕಾರ್ ರೇಸಿನ ಆಟವೊಂದನ್ನು ಹಾಕಿಸಿ ನಿನ್ನನ್ನು ಕರೆದೆ. ಪರದೆಯಲ್ಲಿ ಅರ್ಧ ನಿನಗೆ, ಅರ್ಧ ನನಗೆ. ಯಂತ್ರ ಹಳೆಯದು, ಆಟದ ಭಾರಕ್ಕೆ ಏದುಸಿರು ಬಿಡುತ್ತಿತ್ತು. ಅದಕ್ಕೆ ಸೆಟ್ಟಿಂಗಿನಲ್ಲಿ ಅಪ್‌ಸ್ಕೇಲಿಂಗ್ ಹಾಕಿದೆ — ಯಂತ್ರ ಚಿತ್ರವನ್ನು ಚಿಕ್ಕದಾಗಿ ಬರೆದು, ಆಮೇಲೆ ಪರದೆಯಗಲ ಹಿಗ್ಗಿಸುತ್ತದೆ. ಆಟ ಸರಾಗ, ದೂರದ್ದು ಕೊಂಚ ಮಸುಕು.

ನಿನಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅಂಗೈಯಗಲದ ನಕ್ಷೆಗೆ ಚೌಕ ಹಾಕಿ, ಅದನ್ನೇ ಹಿಗ್ಗಿಸಿ, ಕಾರಟಗಿಯ ರೈಸ್ ಮಿಲ್ಲುಗಳ ಗೋಡೆ ತುಂಬ ಹೆಸರು ಬರೆದ ಪೇಂಟರ್ ನೀನು. “ನನ್ನ ಕೆಲಸಾನ ಮಾಡಾಕತ್ತೈತಿ ಬಿಡ್ರಿ ಮಾಸ್ತರ, ಕೈ ಇನ್ನೂ ಕಚ್ಚಾ ಐತಿ,” ಎಂದು ನಕ್ಕಿದ್ದೆ.

ನಾನು ಗೆಲ್ಲತೊಡಗಿದೆ. ಮಗ್ಗುಲಿಂದ ನುಗ್ಗುವ ನನ್ನ ಕಾರು ನಿನಗೆ ಕಾಣುತ್ತಲೇ ಇರಲಿಲ್ಲ. ಎಂಥ ಸಂತೋಷ — ಹೇಳಲು ನಾಚಿಕೆ, ಆದರೂ —

ಒಂದು ಮಧ್ಯಾಹ್ನ ನಿನಗೆ ತಿಳಿಸದೆ ಅಪ್‌ಸ್ಕೇಲಿಂಗ್ ತೆಗೆದೆ. ಆಟ ತಡವರಿಸಿತು, ಚಿತ್ರ ಮಾತ್ರ ಕನ್ನಡಿಯಂತೆ. ದೂರದ ತಿರುವಿನ ಕಲ್ಲೂ ನನಗೆ ಕಂಡಿತು. ನೀನು ಕಣ್ಣುಜ್ಜಿಕೊಂಡು, “ಇವತ್ತೂ ಮಬ್ಬ ಐತಲ್ರಿ. ಕಣ್ಣ ತೋರಿಸ್ಕೊಂಡು ಬರ್ಲೇನು?” ಎಂದು ಕೇಳಿದೆ.

ಆಗ ತಿಳಿಯಿತು. ತಿಳಿದೂ —

“ನಿನ್ನ ಕಣ್ಣಿಗೇನ ಆಗೈತೋ? ಮಷೀನಿನ ಹಣೇಬರಾನ ಅಷ್ಟು. ಆಡಪಾ, ಆಡು.”

ಡಾಕ್ಟರು ನಿನ್ನ ಆಟ ಬಿಡಿಸಿಯಾರೆಂದು ಹೆದರಿದೆ. ಗೆಲ್ಲುವ ಚಾಳಿ ನನಗೆ ಹೊಸತು.

ಏಣಿ ಹತ್ತಿ ಬರೆದ ಅಕ್ಷರಗಳು ಸೊಟ್ಟಗಾಗತೊಡಗಿದಾಗ ನೀನೇ ಕೊಪ್ಪಳಕ್ಕೆ ಹೊರಟೆ. ನಾನೂ ಜೊತೆಗೆ ಬಂದೆ. ಕಣ್ಣೊಳಗಿನ ಒತ್ತಡ ನರವನ್ನು ತಿಂದಿದೆ, ಹೋದ ದೃಷ್ಟಿ ಮರಳುವುದಿಲ್ಲ, ಮೊದಲೇ ಬಂದಿದ್ದರೆ ಬಹಳಷ್ಟು ಉಳಿಸಬಹುದಿತ್ತು ಎಂದರು ಅಲ್ಲಿಯ ಕಣ್ಣಿನ ಡಾಕ್ಟರು. ಬಸ್‌ಸ್ಟ್ಯಾಂಡಿನಲ್ಲಿ ನೀನು ನನ್ನನ್ನೇ ಸಮಾಧಾನ ಮಾಡಿದೆ: “ಮಷೀನಿಂದ ತಪ್ಪ ಅಂತ ತಿಳ್ಕೊಂಡ್ವಲ್ರಿ ಮಾಸ್ತರ. ಇಬ್ರೂ ದಡ್ಡರು.”

ಇಬ್ಬರೂ ಅಲ್ಲ, ಖಾಜಾ.

ನಿನ್ನ ಕುಂಚಗಳು ಡಬ್ಬಿಯಲ್ಲೇ ಒಣಗಿ ವರ್ಷಗಳಾದವು. ಇದನ್ನು ನೀನು ಓದಲಾರೆ. ನಾಳೆ ನಿನ್ನ ಮನೆಗೆ ಬಂದು ನಾನೇ ಓದುತ್ತೇನೆ — ‘ನನಗೆ ಗೊತ್ತಾಗಿತ್ತು’ ಎಂಬಲ್ಲಿ ದನಿ ತಗ್ಗಿಸದೆ.